ಸೋಂಪಿನ ತಟ್ಟೆಯ ಚಿಲ್ಲರೆ

ಹೋಟೆಲಿನಲ್ಲಿ ತಿಂಡಿ ಮುಗಿದ ಮೇಲೆ ಬರುವ ಆ ಪುಟ್ಟ ತಟ್ಟೆಯನ್ನು ತಾವೆಲ್ಲರೂ ಬಲ್ಲಿರಿ. ಅದರಲ್ಲಿ ಒಂದು ಚಿಟಿಕೆ ಸೋಂಪು. ಸೋಂಪಿನ ಕೆಳಗೆ ಮಡಿಸಿಟ್ಟ ಬಿಲ್ಲು. ಹಣವಿಟ್ಟರೆ ತಟ್ಟೆ ಗಲ್ಲಾದ ಕಡೆಗೆ ಹೋಗುತ್ತದೆ. ಉಳಿದ ಚಿಲ್ಲರೆಯನ್ನು ಹೊತ್ತು ಮರಳಿ ಬರುತ್ತದೆ. ಮನುಷ್ಯನ ಸ್ವಭಾವವು ಪರೀಕ್ಷೆಗೆ ಒಳಗಾಗುವ ಗಳಿಗೆ ಅದು. ಕೆಲವರು ಚಿಲ್ಲರೆಯನ್ನು ಪೂರ್ತಿ ಬಾಚಿಕೊಂಡು, ಸೋಂಪನ್ನೂ ಬಿಡದೆ ಬಾಯಿಗೆ ಹಾಕಿಕೊಂಡು ಏಳುತ್ತಾರೆ. ಕೆಲವರು ನೋಟುಗಳನ್ನು ತೆಗೆದುಕೊಂಡು ನಾಣ್ಯಗಳನ್ನು ಬಿಡುತ್ತಾರೆ. ಇನ್ನು ಕೆಲವರು ಜೊತೆಯಲ್ಲಿ ಯಾರಿದ್ದಾರೆ ಎಂಬುದನ್ನು ನೋಡಿಕೊಂಡು ಉದಾರಿಗಳಾಗುತ್ತಾರೆ.

ಕೆಲವು ತಿಂಗಳ ಹಿಂದೆ ಒಂದು ಭಾನುವಾರ, ಮನೆಯವರೆಲ್ಲರೂ ಹೋಟೆಲಿಗೆ ಹೋಗಿದ್ದೆವು. ಮರಳಿ ಬಂದ ತಟ್ಟೆಯಲ್ಲಿ ನಾನು 20 ರೂಪಾಯಿಯ ನೋಟೊಂದನ್ನು ಬಿಟ್ಟದ್ದನ್ನು ಎರಡನೆಯ ತರಗತಿಯಲ್ಲಿ ಓದುವ ನನ್ನ ಮಗಳು ನೋಡಿದಳು.

“ಅಪ್ಪಾ, ಬಿಲ್ಲಿನ ದುಡ್ಡು ಕೊಟ್ಟಾಯ್ತಲ್ಲ. ಇದು ಯಾರಿಗೆ?”

“ಬಡಿಸಿದ ಮಾಮನಿಗೆ.”

“ಅವರಿಗೆ ಹೋಟೆಲಿನವರು ಸಂಬಳ ಕೊಡಲ್ವಾ?”

“ಕೊಡ್ತಾರೆ.”

“ಮತ್ತೆ ಇದೇನು?”

ನಾನು ಕಾಲೇಜಿನಲ್ಲಿ ವ್ಯಾಕರಣ ಪಾಠ ಹೇಳುವವನು. ‘ಯಾರಿಗೆ?’ ಎಂಬ ಪ್ರಶ್ನೆಗೆ ಉತ್ತರವಾಗಿ ಬರುವುದು ಚತುರ್ಥೀ ವಿಭಕ್ತಿ, ಅದರ ಅರ್ಥ ಸಂಪ್ರದಾನ, ಎಂದು ವರ್ಷವರ್ಷವೂ ಹೇಳುತ್ತೇನೆ. ಆದರೆ ಆ ಮಗುವಿನ ‘ಇದೇನು?’ ಎಂಬ ಪ್ರಶ್ನೆಗೆ ಉತ್ತರ ತೋಚಲಿಲ್ಲ. ಕೈ ತೊಳೆಯುವ ನೆಪದಿಂದ ಎದ್ದುಬಿಟ್ಟೆ. ಏಕೆಂದರೆ ಆ ತಟ್ಟೆಯ ಆಚೆ ಬದಿಯಲ್ಲಿ ನಲವತ್ತು ವರ್ಷ ನಿಂತಿದ್ದವರು ನನ್ನ ತಂದೆ.

ತಂದೆಯವರು ಕುಂದಾಪುರದ ಕಡೆಯವರು. ಹದಿನಾಲ್ಕನೆಯ ವಯಸ್ಸಿನಲ್ಲಿ ಒಂದು ಅಂಗಿ, ಒಂದು ಬೈರಾಸದೊಡನೆ ಬೆಂಗಳೂರಿಗೆ ಬಂದು, ಎಲೆ ತೆಗೆದು ಮೇಜು ಒರೆಸುವ ಹುಡುಗನಾಗಿ ಸೇರಿ, ಮಾಣಿಯಾಗಿ ಮುಂದುವರಿದು, ಮಾಣಿಯಾಗಿಯೇ ನಿವೃತ್ತರಾದವರು. ಕಾಲೇಜಿನ ಅರ್ಜಿಗಳಲ್ಲಿ ‘ತಂದೆಯ ಉದ್ಯೋಗ’ ಎಂಬಲ್ಲಿ ನಾನು ‘ಹೋಟೆಲು’ ಎಂದಷ್ಟೇ ಬರೆಯುತ್ತಿದ್ದೆ. ಮಾಲೀಕರೋ ಮಾಣಿಯೋ ಎಂಬುದನ್ನು ಓದುವವರ ಊಹೆಗೆ ಬಿಟ್ಟುಬಿಡುವ ಜಾಣತನ ಅದು. ಇಂದು ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ಅಂದು ನಾಚಿಕೆಯಾಗುತ್ತಿದ್ದುದು ಬೇರೆಯ ಕಾರಣಕ್ಕೆ.

ರಾತ್ರಿ ಬಾಗಿಲು ಹಾಕಿದ ಮೇಲೆ ಹೋಟೆಲಿನ ಹಿಂಬದಿಯಲ್ಲಿ ಒಂದು ಸಣ್ಣ ಸಭೆ ಸೇರುತ್ತಿತ್ತು. ಶಾಲೆಗೆ ರಜೆಯಿದ್ದಾಗ ನಾನೂ ಅದನ್ನು ನೋಡಿದ್ದೇನೆ. ನಾಲ್ವರು ಮಾಣಿಗಳು ಜೇಬಿನ ಚಿಲ್ಲರೆಯನ್ನೆಲ್ಲ ಹಾಸಿದ ಬೈರಾಸದ ಮೇಲೆ ಸುರಿಯುವರು. ಮೊದಲು ಮೇಜು ಒರೆಸುವ ಇಬ್ಬರು ಹುಡುಗರ ಪಾಲು ತೆಗೆದಿಡುವರು. ಆಮೇಲೆ ಉಳಿದದ್ದರಲ್ಲಿ ನಾಲ್ಕು ಪಾಲು. ಯಾರ ಮೇಜಿನಲ್ಲಿ ಎಷ್ಟು ಬಿತ್ತು ಎಂದು ಯಾರೂ ಕೇಳುವಂತಿರಲಿಲ್ಲ. ಹುಡುಗರ ಪಾಲು ಮೊದಲೇಕೆ ಎಂದು ನಾನು ಒಮ್ಮೆ ತಂದೆಯವರನ್ನು ಕೇಳಿದ್ದೆ. “ಎಂಜಲು ಮೇಜಿನ ಮುಂದೆ ಕೂತವನು ಚಿಲ್ಲರೆ ಬಿಟ್ಟು ಹೋಗುತ್ತಾನೆಯೇ ಮಗಾ?” ಎಂದರು. ಅರ್ಥಶಾಸ್ತ್ರದ ಯಾವ ಪುಸ್ತಕವೂ ನನಗೆ ಇಷ್ಟು ಸ್ಪಷ್ಟವಾಗಿ ಪಾಠ ಹೇಳಿಲ್ಲ.

ತಂದೆಯವರ ಪಾಲು ಮನೆಯಲ್ಲಿ ಒಂದು ಹಾರ್ಲಿಕ್ಸ್ ಸೀಸೆಗೆ ಬೀಳುತ್ತಿತ್ತು. ಸೀಸೆ ತುಂಬಿದ ದಿನ ಅದನ್ನು ಗಲ್ಲಾಕ್ಕೆ ಕೊಟ್ಟು ನೋಟು ಮಾಡಿಸಿಕೊಂಡು ಬರುತ್ತಿದ್ದರು. ಗಲ್ಲಾಕ್ಕೆ ಚಿಲ್ಲರೆಯ ಬರ ಎಂದೂ ಇದ್ದದ್ದೇ. ಹೀಗೆ ಗಿರಾಕಿಗಳ ಚಿಲ್ಲರೆ ಸೀಸೆಗೆ ಬಂದು, ಸೀಸೆಯಿಂದ ಗಲ್ಲಾಕ್ಕೆ ಹೋಗಿ, ಮತ್ತೆ ಸೋಂಪಿನ ತಟ್ಟೆಯಲ್ಲಿ ಗಿರಾಕಿಗಳ ಮುಂದೆ ಕೂರುತ್ತಿತ್ತು. ಆ ಓಡಾಟದ ನಡುವೆ ನನ್ನ ಪುಸ್ತಕ, ಫೀಸು, ಬಸ್ಸಿನ ಪಾಸು ನಡೆಯುತ್ತಿದ್ದವು.

ನಡುವೆ ಒಂದು ವರ್ಷ ಹೋಟೆಲಿನವರು ಗಲ್ಲಾದ ಪಕ್ಕದಲ್ಲಿ ಒಂದು ಡಬ್ಬವನ್ನಿಟ್ಟರು. ಟಿಪ್ಸೆಲ್ಲ ಅದರಲ್ಲಿಯೇ ಬೀಳಬೇಕು, ತಿಂಗಳ ಕೊನೆಗೆ ತಾವೇ ಹಂಚುತ್ತೇವೆ ಎಂದರು. ಹಂಚುವಾಗ ಒಡೆದ ಲೋಟಗಳ ಬಾಬ್ತು ಒಂದಿಷ್ಟು, ಕಳೆದುಹೋದ ಚಮಚಗಳ ಬಾಬ್ತು ಒಂದಿಷ್ಟು ಎಂದು ಮುರಿದುಕೊಂಡರು. ತಂದೆಯವರು ಜಗಳದ ಮನುಷ್ಯರಲ್ಲ. ಅಂದು ಮಾತ್ರ ಮನೆಗೆ ಬಂದು, “ಆ ಕಾಸು ಮಾಲೀಕರದ್ದಲ್ಲ, ಹಾಗೆ ನೋಡಿದರೆ ನಮ್ಮದೂ ಅಲ್ಲ. ಕೊಟ್ಟವರದ್ದು. ಅವರು ಯಾರಿಗೆ ಎಂದು ಕೊಟ್ಟರೋ ಅವರಿಗೆ ಸೇರಬೇಕು” ಎಂದರು. ಅಲ್ಲಿಗೆ ಬಂತು ನೋಡಿ, ಚತುರ್ಥೀ ವಿಭಕ್ತಿ!

ಎಷ್ಟೋ ವರ್ಷಗಳ ಮೇಲೆ ನನಗೆ ತಿಳಿಯಿತು, ಇದೇ ಮಾತು ಸುಪ್ರೀಂ ಕೋರ್ಟಿನಲ್ಲಿಯೂ ಆಗಿಹೋಗಿತ್ತೆಂದು. ಜಯಪುರದ ರಾಮಬಾಗ್ ಪ್ಯಾಲೆಸ್ ಹೋಟೆಲಿನ ನೌಕರರ ವ್ಯಾಜ್ಯವೊಂದು 1976ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಮುಂದೆ ಬಂದಿತು. ಟಿಪ್ಸು ಗಿರಾಕಿಗಳು ನೌಕರರಿಗಾಗಿ ಕೊಡುವ ಹಣ. ಮಾಲೀಕರು ಅದನ್ನು ಸಂಗ್ರಹಿಸಿ ಹಂಚುವವರಷ್ಟೆ. ಹಂಚಿದ್ದರಿಂದ ಅವರ ಗಂಟೇನೂ ಕರಗುವುದಿಲ್ಲ ಎಂಬುದು ಆ ತೀರ್ಪಿನ ತಾತ್ಪರ್ಯ. 2016ರಲ್ಲಿ, ಕಾರ್ಡಿನ ಮೂಲಕ ಬಂದ ಟಿಪ್ಸಿನ ವಿಷಯದಲ್ಲಿ ಅದೇ ನ್ಯಾಯಾಲಯವು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅದು ಸಂಬಳವಲ್ಲ, ಆದಕಾರಣ ಮಾಲೀಕರು ಅದರಲ್ಲಿ ಸಂಬಳದ ತೆರಿಗೆ ಮುರಿಯಬೇಕಾಗಿಲ್ಲ. ಆದರೆ ಪಡೆದವನ ಕೈಯಲ್ಲಿ ಅದು ‘ಇತರ ಮೂಲಗಳ ವರಮಾನ’ ಎಂದಿತು. ಅಂದರೆ ಟಿಪ್ಸು ಸಂಬಳವಲ್ಲ, ದಾನವೂ ಅಲ್ಲ. ಎರಡರ ನಡುವಿನ ಹೊಸ್ತಿಲ ಮೇಲೆ ಕುಳಿತ ಹಣ. ನನ್ನ ಮಗಳ ‘ಇದೇನು?’ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟಿಗೂ ನಲವತ್ತು ವರ್ಷ ಹಿಡಿಯಿತು ಎಂಬುದು ನನಗೆ ಸ್ವಲ್ಪ ಸಮಾಧಾನ ತಂದಿದೆ.

ಹೊಸ್ತಿಲ ಮೇಲಿನ ಹಣ ಹೊಸ್ತಿಲ ಮೇಲೆಯೇ ಇದ್ದರೆ ತೊಂದರೆಯಿಲ್ಲ. ಯಾವನಾದರೊಬ್ಬ ಗುಮಾಸ್ತೆ ‘ನಿಮ್ಮ ವರಮಾನವೆಷ್ಟು?’ ಎಂದು ಕೇಳಿದಾಗಲೇ ಕಷ್ಟ. 2006ರಲ್ಲಿ ನಾನು ಬಿ.ಎ. ತರಗತಿಗೆ ಸೇರಿದಾಗ ವಿದ್ಯಾರ್ಥಿವೇತನದ ಅರ್ಜಿಯೊಂದನ್ನು ತಂದೆ. ತಂದೆಯವರ ಸಂಬಳ ಮಾತ್ರ ಬರೆದರೆ ನಿಗದಿಯಾದ ವರಮಾನದ ಮಿತಿಯ ಒಳಗೆ ಬರುತ್ತಿದ್ದೆವು. ಹಾರ್ಲಿಕ್ಸ್ ಸೀಸೆಯನ್ನು ಕೂಡಿಸಿದರೆ ಕೂದಲೆಳೆಯಷ್ಟು ಹೊರಗೆ. ಅಂದು ರಾತ್ರಿ ಮನೆಯಲ್ಲಿ ನಡೆದ ಚರ್ಚೆಯನ್ನು ನಾನು ಮರೆತಿಲ್ಲ.

“ಇದ್ದದ್ದನ್ನು ಬರಿ,” ಎಂದರು ತಂದೆ.

“ಯಾವ ತಿಂಗಳದ್ದನ್ನು ಬರೆಯಲಿ?” ಎಂದು ಅಮ್ಮ ಒಲೆಯ ಬಳಿಯಿಂದಲೇ ಕೇಳಿದರು. “ದಸರೆಯ ತಿಂಗಳದ್ದೋ, ಆಷಾಢದ್ದೋ? ಮಳೆ ಹಿಡಿದ ವಾರ ಸೀಸೆಯ ತಳ ಮುಚ್ಚಲಿಲ್ಲವಲ್ಲ, ಅದನ್ನು ಎಲ್ಲಿ ಬರೆಯುತ್ತೀರಿ?”

ಮರುದಿನ ಕಚೇರಿಯಲ್ಲಿ ತಂದೆಯವರೇ ಬಾಯಿಬಿಟ್ಟು ಹೇಳಿದರು: ಸಂಬಳ ಇಷ್ಟು, ಅದರ ಮೇಲೆ ಟಿಪ್ಸು ಸುಮಾರು ಇಷ್ಟು. ಗುಮಾಸ್ತೆ ಕನ್ನಡಕದ ಮೇಲಿನಿಂದ ನೋಡಿ, “ಟಿಪ್ಸಿಗೆ ರಸೀದಿ ಇದೆಯೇ?” ಎಂದ. ಇಲ್ಲವೆಂದರು. “ರಸೀದಿ ಇಲ್ಲದ್ದು ವರಮಾನವಲ್ಲ” ಎಂದು ಮುದ್ರೆ ಒತ್ತಿಬಿಟ್ಟ. ನನ್ನ ಮೂರು ವರ್ಷದ ಓದು ಆ ಒಂದು ವಾಕ್ಯದ ಮೇಲೆ ನಿಂತಿತು. ಆತ ದಯೆಯಿಂದ ಹಾಗೆಂದನೋ, ಬೇಸರದಿಂದ ಹಾಗೆಂದನೋ ಇಂದಿಗೂ ತಿಳಿಯದು. ತಂದೆಯವರಿಗೆ ಮಾತ್ರ ಪೂರ್ತಿ ಸಮಾಧಾನವಾಗಲಿಲ್ಲ. “ಹೇಳಿದ್ದೇನೆ. ಬರೆದುಕೊಳ್ಳಲಿಲ್ಲ. ಅದು ಅವರಿಗೆ ಬಿಟ್ಟದ್ದು” ಎಂದು ದಾರಿಯುದ್ದಕ್ಕೂ ಎರಡು ಮೂರು ಬಾರಿ ಹೇಳಿಕೊಂಡರು.

ಕಾಲಚಕ್ರ ತಿರುಗಿತು. ಅರ್ಜಿ ಬರೆದವನು ಅರ್ಜಿ ಪರಿಶೀಲಿಸುವವನಾದೆ. ಈಗ ನಮ್ಮ ಕಾಲೇಜಿನ ವಿದ್ಯಾರ್ಥಿವೇತನದ ಸಮಿತಿಗೆ ನಾನು ಸಂಚಾಲಕ. ಈ ವರ್ಷ ಎರಡನೆಯ ವರ್ಷದ ಒಬ್ಬ ಹುಡುಗಿ ನನ್ನ ಕೊಠಡಿಯ ಬಾಗಿಲಲ್ಲಿ ಬಂದು ನಿಂತಳು. ಅವಳ ತಂದೆ ಪಾರ್ಶ್ವವಾಯುವಿನಿಂದ ಮಲಗಿದ್ದಾರೆ. ತಾಯಿ ಒಂದು ಊಟದ ಹೋಟೆಲಿನಲ್ಲಿ ಬಡಿಸುವ ಕೆಲಸ ಮಾಡುತ್ತಾರೆ.

“ಸರ್, ಈ ಸಲ ಸ್ಕಾಲರ್‌ಶಿಪ್ ಬರಲ್ಲ ಅಂತಿದಾರೆ. ಅಮ್ಮನ ವರಮಾನ ಜಾಸ್ತಿ ಆಗಿದೆಯಂತೆ.”

ಕಾಗದಗಳನ್ನು ನೋಡಿದೆ. ಮಿತಿಗಿಂತ 1,400 ರೂಪಾಯಿ ಹೆಚ್ಚು. ತಿಂಗಳಿಗಲ್ಲ, ವರ್ಷಕ್ಕೆ! ಆ 1,400 ರೂಪಾಯಿಗಾಗಿ ಇಡೀ ವರ್ಷದ ವಿದ್ಯಾರ್ಥಿವೇತನ ಹೋಗುತ್ತಿತ್ತು. ಹೊಸ ವರಮಾನ ಪತ್ರಕ್ಕಾಗಿ ಹೋದಾಗ ತಾಯಿಯ ಬ್ಯಾಂಕಿನ ಪುಸ್ತಕವನ್ನು ನೋಡಿ, ವರ್ಷದಲ್ಲಿ ಖಾತೆಗೆ ಬಂದದ್ದನ್ನೆಲ್ಲ ಕೂಡಿ ಬರೆದಿದ್ದರು.

“ಇಷ್ಟೊಂದು ಸಣ್ಣ ಸಣ್ಣ ಜಮೆಗಳು ಏನಮ್ಮಾ? ಹತ್ತು ರೂಪಾಯಿ, ಇಪ್ಪತ್ತು ರೂಪಾಯಿ…”

“ಟಿಪ್ಸು, ಸರ್. ಈಗ ಯಾರೂ ಚಿಲ್ಲರೆ ಇಟ್ಕೊಂಡು ಬರಲ್ಲ. ಅಮ್ಮನ ಫೋನಿಗೆ ಹಾಕ್ತಾರೆ.”

ನನಗೆ ಹಳೆಯ ಗುಮಾಸ್ತೆಯ ಧ್ವನಿ ಕಿವಿಯಲ್ಲಿ ಮೊಳಗಿತು. ರಸೀದಿ ಇದೆಯೇ? ಇದೆ ಸ್ವಾಮಿ, ಈಗ ಪ್ರತಿಯೊಂದು ಹತ್ತು ರೂಪಾಯಿಗೂ ಗಂಟೆ ನಿಮಿಷದೊಡನೆ ರಸೀದಿ ಇದೆ! ತಂದೆಯವರ ನಾಣ್ಯಕ್ಕೆ ಗುರುತಿರಲಿಲ್ಲ; ಈ ತಾಯಿಯ ನಾಣ್ಯಕ್ಕೆ ಹೆಜ್ಜೆಗುರುತು ಇದೆ. ಆ ಗುರುತು ಇಲ್ಲದ್ದರಿಂದ ನಾನು ಓದಿದೆ. ಆ ಗುರುತು ಇರುವುದರಿಂದ ಈ ಹುಡುಗಿಯ ಓದು ನಿಲ್ಲಬೇಕೆ?

ಅಂದು ಸಂಜೆ ಮನೆಗೆ ಬಂದವನಿಗೆ ಬೇರೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಬಡವನ ಕೈಗೆ ಬರುವ ಇಂಥ ಸಣ್ಣ ಹಣವನ್ನು ದೊಡ್ಡವರು ಎಲ್ಲಿಯಾದರೂ ಕುಳಿತು ಯೋಚಿಸಿದ್ದುಂಟೇ ಎಂದು ಹುಡುಕತೊಡಗಿದೆ. ಪಾರ್ಲಿಮೆಂಟುಗಳ ನಡವಳಿಕೆಗಳು ಈಗ ಮನೆಯಲ್ಲಿ ಕುಳಿತೇ ಓದಲು ಸಿಗುತ್ತವೆ. ಹಲವು ರಾತ್ರಿಗಳು ಆ ಓದಿನಲ್ಲಿ ಕಳೆದವು. ನನ್ನ ಶ್ರೀಮತಿ, “ನಿಮಗೆ ಲೋಕಸಭೆಗೆ ನಿಲ್ಲುವ ಯೋಚನೆಯಿದೆಯೋ ಏನೋ” ಎಂದು ಹಾಸ್ಯ ಮಾಡಿದ್ದೂ ಆಯಿತು.

ಮೊದಲು ಇಂಗ್ಲೆಂಡಿನ ಕಥೆ. ಲಂಡನ್ನಿನ ಒಂದು ಊಟದ ಮನೆಯ ಮಾಣಿಗಳು ಅಲ್ಲಿಯ ನ್ಯಾಯಾಲಯಗಳಿಗೆ ಹೋಗಿ, ಅಲ್ಲಿಂದ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಅಲೆದರು. ಕಾರ್ಡಿನಲ್ಲಿಯೂ ಚೆಕ್ಕಿನಲ್ಲಿಯೂ ಬಂದ ಟಿಪ್ಸು ಮೊದಲು ಮಾಲೀಕನ ಸ್ವತ್ತಾಗುತ್ತದೆ, ಆತ ಅದರಿಂದಲೇ ಕನಿಷ್ಠ ಕೂಲಿಯನ್ನು ತುಂಬಿಸಬಹುದು ಎಂಬ ತೀರ್ಮಾನವೇ 2002ರಲ್ಲಿ ಅವರ ಪಾಲಿಗೆ ಉಳಿಯಿತು. ಟಿಪ್ಸಿನಿಂದ ಕನಿಷ್ಠ ಕೂಲಿ ತುಂಬಿಸುವುದು 2009ರ ಅಕ್ಟೋಬರಿನಲ್ಲಿ ನಿಂತಿತು. ಆದರೂ ಕೆಲವು ದೊಡ್ಡ ಹೋಟೆಲುಗಳು ‘ಆಡಳಿತದ ಖರ್ಚು’ ಎಂಬ ಹೆಸರಿನಲ್ಲಿ ಟಿಪ್ಸಿನ ಒಂದಂಶವನ್ನು ಮುರಿದುಕೊಳ್ಳುತ್ತಿವೆ ಎಂದು 2015ರಲ್ಲಿ ದೊಡ್ಡ ಗದ್ದಲವೆದ್ದಿತು. ಆಡಳಿತದ ಖರ್ಚು! ನಮ್ಮ ಒಡೆದ ಲೋಟದ ಬಾಬ್ತಿಗೆ ಅಲ್ಲಿ ಎಷ್ಟು ಗೌರವದ ಹೆಸರು ನೋಡಿ.

ಸರಕಾರಗಳು ಮಾತು ಕೊಟ್ಟವು, ಮರೆತವು. ಕೊನೆಗೆ ಡೀನ್ ರಸೆಲ್ ಎಂಬ ಸದಸ್ಯರು 2022ರಲ್ಲಿ ಖಾಸಗಿ ಮಸೂದೆಯೊಂದನ್ನು ಕಾಮನ್ಸ್ ಸಭೆಯ ಮುಂದಿಟ್ಟರು. ಅವರು ಮಂತ್ರಿಯಾದಾಗ ವರ್ಜೀನಿಯಾ ಕ್ರಾಸ್ಬಿ ಎಂಬ ಸದಸ್ಯೆ ಅದನ್ನು ಮುಂದಕ್ಕೆ ಒಯ್ದರು. 2023ರ ಮೇ ತಿಂಗಳಲ್ಲಿ ಅದು ಶಾಸನವಾಗಿ, 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಟಿಪ್ಸಿನಲ್ಲಿ ಮಾಲೀಕ ಒಂದು ಪೆನ್ನಿಯನ್ನೂ ಇಟ್ಟುಕೊಳ್ಳುವಂತಿಲ್ಲ. ಹಂಚಿಕೆ ನ್ಯಾಯವಾಗಿ, ಎಲ್ಲರಿಗೂ ಕಾಣುವಂತೆ ನಡೆಯಬೇಕು. ಬಂದ ತಿಂಗಳ ಮರುತಿಂಗಳ ಕೊನೆಯೊಳಗೆ ಕೆಲಸದವರ ಕೈ ಸೇರಬೇಕು. ಮೂರು ವರ್ಷ ಲೆಕ್ಕ ಇಟ್ಟಿರಬೇಕು. ಅಲ್ಲಿ ಈ ಹಂಚಿಕೆಯ ಏರ್ಪಾಡಿಗೆ ‘ಟ್ರಾಂಕ್’ ಎಂದು ಹೆಸರು. ಅದು ಫ್ರೆಂಚ್ ಮಾತು. ಇಗರ್ಜಿಯಲ್ಲಿ ಬಡವರಿಗಾಗಿ ಇಡುವ ಕಾಣಿಕೆಯ ಪೆಟ್ಟಿಗೆಗೆ ಹಾಗೆನ್ನುತ್ತಾರಂತೆ. ನಮ್ಮ ದೇವಸ್ಥಾನದ ಹುಂಡಿಯೇ ಸರಿ. ಹುಂಡಿಯ ಹಣಕ್ಕೆ ಅರ್ಚಕನೂ ಕೈಹಾಕಬಾರದು, ಧರ್ಮದರ್ಶಿಯೂ ಕೈಹಾಕಬಾರದು. ಬೈರಾಸದ ಸುತ್ತ ಕುಳಿತ ಆರು ಜನ ಯಾವ ಶಾಸನವೂ ಇಲ್ಲದೆ ಪಾಲಿಸುತ್ತಿದ್ದ ಧರ್ಮಕ್ಕೆ ಒಂದು ದೇಶದ ಪಾರ್ಲಿಮೆಂಟು ಇಷ್ಟು ವರ್ಷ ಹೆಣಗಬೇಕಾಯಿತು.

ಆದರೆ ನನ್ನ ಹುಡುಗಿಯ ಸಂಕಟಕ್ಕೆ ಇನ್ನೂ ಹತ್ತಿರವಾದದ್ದು ಬೇರೊಂದು ಅಧ್ಯಾಯದಲ್ಲಿ ಸಿಕ್ಕಿತು. ಆ ದೇಶದಲ್ಲಿ ಕಡಿಮೆ ಗಳಿಕೆಯವರಿಗೆ ಸರಕಾರ ಕೊಡುವ ಒಂದು ಸಹಾಯಧನವಿದೆ. ದುಡಿಯುವವನ ಗಳಿಕೆ ಏರಿದಂತೆ, ಪ್ರತಿ ಪೌಂಡಿಗೆ 55 ಪೆನ್ನಿಯಂತೆ ಅದು ಇಳಿಯುತ್ತದೆ. ಕೆಲವರಿಗೆ ಈ ಇಳಿತ ಶುರುವಾಗುವ ಮೊದಲು ಸ್ವಲ್ಪ ವಿನಾಯಿತಿಯೂ ಉಂಟು. ಟಿಪ್ಸೂ ಗಳಿಕೆಯೇ. ಗಿರಾಕಿ ಒಂದು ಪೌಂಡ್ ಬಿಟ್ಟರೆ ಮಾಣಿಗೆ ಉಳಿಯುವುದು ಅರ್ಧಕ್ಕೂ ಕಡಿಮೆ. ಇದು ಇಳಿಜಾರು, ಕಾಲು ಜಾರಿದರೂ ನಿಲ್ಲಬಹುದು. ಆದರೆ ವಾರಕ್ಕೆ 35 ಗಂಟೆ ರೋಗಿಯ ಅಥವಾ ಅಂಗವಿಕಲರ ಸೇವೆ ಮಾಡುವವರಿಗೆ ಕೊಡುವ ಶುಶ್ರೂಷೆಯ ಭತ್ಯೆ ಇಳಿಜಾರಲ್ಲ, ಪ್ರಪಾತ. 2024ರಲ್ಲಿ ಅಂಥವರು ಹೊರಗೆ ದುಡಿದು ವಾರಕ್ಕೆ 151 ಪೌಂಡ್ ಗಳಿಸಿದರೆ 81 ಪೌಂಡ್ 90 ಪೆನ್ನಿಯ ಭತ್ಯೆ ಪೂರ್ತಿ ಸಿಗುತ್ತಿತ್ತು. 152 ಗಳಿಸಿದರೆ ಏನೂ ಇಲ್ಲ. ಒಂದು ಪೌಂಡ್ ಹೆಚ್ಚಾದುದಕ್ಕೆ ಎಂಬತ್ತೆರಡು ಪೌಂಡ್ ದಂಡ! ಗಳಿಕೆ ಮಿತಿ ಮೀರಿದ ಸುದ್ದಿ ಇಲಾಖೆಯ ಯಂತ್ರಗಳಿಗೆ ಬರುತ್ತಿತ್ತು. ಎಲ್ಲವನ್ನೂ ನೋಡುವ ಕೈಗಳಿರಲಿಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಸುಮ್ಮನಿದ್ದು, ಒಂದು ದಿನ ಸಾವಿರಾರು ಪೌಂಡ್ ಮರಳಿ ಕೊಡಿರೆಂದು ಕಾಗದ ಬರುತ್ತಿತ್ತು. ಹಾಸಿಗೆ ಹಿಡಿದ ಗಂಡನಿಗೋ ಬುದ್ಧಿ ಬೆಳೆಯದ ಮಗುವಿಗೋ ಉಣಿಸುತ್ತಿದ್ದ ಕೈ ಆ ಕಾಗದವನ್ನು ಒಡೆದು ಓದಬೇಕು.

ಕಾಮನ್ಸ್ ಸಭೆಯ ಉದ್ಯೋಗ ಮತ್ತು ಪಿಂಚಣಿ ಸಮಿತಿಯು 2019ರಲ್ಲಿಯೇ ಈ ವಿಷಯವನ್ನು ವಿಚಾರಿಸಿ ಎಚ್ಚರಿಕೆ ಕೊಟ್ಟಿತ್ತು. ಎಚ್ಚರಿಕೆ ಕಪಾಟು ಸೇರಿತು. 2024ರಲ್ಲಿ ಪತ್ರಿಕೆಗಳು ಮತ್ತೆ ಎತ್ತಿ ಆಡಿದ ಮೇಲೆ ಸ್ವತಂತ್ರ ವಿಚಾರಣೆ ನಡೆಯಿತು. 2025ರ ಏಪ್ರಿಲಿನಲ್ಲಿ ಮಿತಿಯನ್ನು 196 ಪೌಂಡಿಗೆ ಏರಿಸಿದರು. ಅದೇ ವರ್ಷದ ನವೆಂಬರಿನಲ್ಲಿ ವಿಚಾರಣೆಯ ವರದಿ ಹೊರಬಂದಾಗ ಒಂದು ವಿಚಿತ್ರ ಹೊರಬಿದ್ದಿತು. ಒಂದು ವಾರ ಹೆಚ್ಚು, ಒಂದು ವಾರ ಕಡಿಮೆ ಬರುವ ಗಳಿಕೆಯನ್ನು ಸರಾಸರಿ ಹಾಕಿ ನೋಡುವ ವಿಷಯದಲ್ಲಿ ಇಲಾಖೆಯು ತನ್ನ ಗುಮಾಸ್ತರಿಗೆ 2015ರಿಂದಲೂ ತಪ್ಪು ಸೂಚನೆ ಕೊಟ್ಟಿತ್ತು! ಹಳೆಯ ಪ್ರಕರಣಗಳನ್ನು ಮತ್ತೆ ನೋಡುವುದಾಗಿ ಸರಕಾರ ಒಪ್ಪಿಕೊಂಡಿತು.

ಆ ಸಾಲನ್ನು ಓದುವಾಗ ನನಗೆ ಒಲೆಯ ಬಳಿಯ ಅಮ್ಮ ಕಣ್ಣಮುಂದೆ ಬಂದರು. “ದಸರೆಯ ತಿಂಗಳದ್ದೋ, ಆಷಾಢದ್ದೋ?” ಹತ್ತು ವರ್ಷ ಒಂದು ಸರಕಾರಕ್ಕೆ ಹೊಳೆಯದ ಪ್ರಶ್ನೆಯನ್ನು ನನ್ನ ತಾಯಿ ಸಾರು ಕುದಿಯುವಷ್ಟರಲ್ಲಿ ಕೇಳಿ ಮುಗಿಸಿದ್ದರು.

ಪರರ ಮನೆಯ ತಪ್ಪನ್ನು ಎತ್ತಿ ಹೇಳುವುದು ಸುಲಭ. ನಮ್ಮ ಮನೆಯನ್ನೂ ನೋಡಬೇಕಷ್ಟೆ. 1995ರ ಆಗಸ್ಟ್ 15ರಂದು ಕೇಂದ್ರ ಸರಕಾರವು ಬಡ ಮುದುಕರ ಪಿಂಚಣಿಯೂ ಸೇರಿದ ರಾಷ್ಟ್ರೀಯ ಸಾಮಾಜಿಕ ನೆರವಿನ ಕಾರ್ಯಕ್ರಮವನ್ನು ಆರಂಭಿಸಿತು. ಅಂದು ಪಿಂಚಣಿಗೆ ಕೇಂದ್ರದ ಪಾಲು ತಿಂಗಳಿಗೆ 75 ರೂಪಾಯಿ. 2007ರ ವೇಳೆಗೆ ಅದು 200 ರೂಪಾಯಿಯಾಯಿತು. ಎಂಬತ್ತು ದಾಟಿದವರಿಗೆ 2011ರಿಂದ 500. ಎಂಬತ್ತರ ಕೆಳಗಿನವರ ಪಾಲು ಮಾತ್ರ 2025ರಲ್ಲಿಯೂ ಆ 200ರಲ್ಲಿಯೇ ನಿಂತಿತ್ತು. ರಾಜ್ಯಗಳು ತಮ್ಮ ತಮ್ಮ ಶಕ್ತ್ಯನುಸಾರ ಸೇರಿಸಿ ಕೊಡುತ್ತವೆ. ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿಯನ್ನು 2021ರಲ್ಲಿ 1,000ದಿಂದ 1,200 ರೂಪಾಯಿಗೆ ಏರಿಸಿದರು. ಗ್ರಾಮೀಣಾಭಿವೃದ್ಧಿಯ ಸಂಸದೀಯ ಸ್ಥಾಯೀ ಸಮಿತಿಯು, ಎಲ್ಲ ಪಕ್ಷದವರೂ ಕುಳಿತಿರುವ ಸಮಿತಿ, ಈ ಮೊತ್ತ ತೀರ ಸಾಲದು, ಹೆಚ್ಚಿಸಬೇಕು ಎಂದು ಮತ್ತೆ ಮತ್ತೆ ಬರೆದಿದೆ. ಬರೆದದ್ದನ್ನು ಓದುವಾಗ ಯಾರೋ ಮರ್ಯಾದಸ್ಥರು ಸಾಲಗಾರನಿಗೆ ನೆನಪಿನ ಓಲೆ ಬರೆದಂತೆ ತೋರುತ್ತದೆ.

2023ರ ಆಗಸ್ಟಿನಲ್ಲಿ ಮಹಾಲೇಖಪಾಲರ ವರದಿ ಲೋಕಸಭೆಯ ಮುಂದೆ ಬಂದಿತು. ಈ ಪಿಂಚಣಿಯ ಕಾರ್ಯಕ್ರಮಕ್ಕೆಂದು ಇಟ್ಟಿದ್ದ ಹಣದಲ್ಲಿ 2 ಕೋಟಿ 83 ಲಕ್ಷ ರೂಪಾಯಿ ಬೇರೆ ಯೋಜನೆಗಳ ಪ್ರಚಾರದ ಫಲಕಗಳಿಗೆ ಹೋಯಿತು ಎಂದು ಅದರಲ್ಲಿ ಬರೆದಿತ್ತು. 200 ರೂಪಾಯಿಯ ಲೆಕ್ಕದಲ್ಲಿ ಅದು ಎಷ್ಟು ಮುದುಕಿಯರ ಒಂದು ತಿಂಗಳು ಎಂದು ಬಾಯಿಲೆಕ್ಕ ಹಾಕಿದೆ: 1,41,500. ಗಲ್ಲಾದ ಪಕ್ಕದ ಡಬ್ಬ ನೆನಪಾಯಿತು. ‘ಯಾರಿಗೆ?’ ಎಂಬ ಪ್ರಶ್ನೆ ಡಬ್ಬಕ್ಕೂ ಒಂದೇ, ಬೊಕ್ಕಸಕ್ಕೂ ಒಂದೇ.

ಹೋಟೆಲಿನ ವಿಷಯದಲ್ಲಿ ನಮ್ಮಲ್ಲಿ ಜಗಳ ನಡೆದಿರುವುದು ಗಿರಾಕಿಯ ಕಡೆಯಿಂದ. ಬಿಲ್ಲಿಗೆ ತಾನಾಗಿಯೇ ‘ಸೇವಾ ಶುಲ್ಕ’ ಸೇರಿಸಕೂಡದೆಂದು ಗ್ರಾಹಕ ಸಂರಕ್ಷಣೆಯ ಕೇಂದ್ರ ಪ್ರಾಧಿಕಾರವು 2022ರ ಜುಲೈನಲ್ಲಿ ನಿಯಮ ಮಾಡಿತು. 2025ರ ಮಾರ್ಚ್ 28ರಂದು ದೆಹಲಿಯ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ವಿಷಯ ಮೇಲ್ಮನವಿಗೂ ಹೋಯಿತು. ಕೊಡುವುದು ಕೊಡುವವನ ಇಷ್ಟ ಎಂಬ ಮಾತನ್ನು ನಾನೂ ಒಪ್ಪುತ್ತೇನೆ. ಆದರೆ ಕೊಟ್ಟ ಮೇಲೆ ಅದು ಬಡಿಸಿದವನ ಮನೆಗೆ ಹೋಗಿ ಮುಟ್ಟಿತೇ, ಮುಟ್ಟಿದ ಮೇಲೆ ಇನ್ನೊಂದು ಕೈ ಅದನ್ನು ಕಿತ್ತುಕೊಂಡಿತೇ ಎಂಬುದನ್ನು ವಿಚಾರಿಸುವವರು ಕಡಿಮೆ.

ಇಷ್ಟೆಲ್ಲ ಓದಿದ್ದರಿಂದ ಹುಡುಗಿಗೆ ಆದ ಪ್ರಯೋಜನವೇನು ಎಂದು ತಾವು ಕೇಳಬಹುದು. ಮರುವಾರ ಅವಳನ್ನೂ ಅವಳ ತಾಯಿಯನ್ನೂ ಬರಹೇಳಿದೆ. ಆ ತಾಯಿ ಸೆರಗನ್ನು ಬಿಗಿಯಾಗಿ ಹೊದ್ದು ಕುರ್ಚಿಯ ತುದಿಯಲ್ಲಿ ಕುಳಿತರು. ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಅವರ ಮುಖವಿತ್ತು. ತಪ್ಪು ಮಾಡದ ಬಡವರ ಮುಖ ಕಚೇರಿಗಳಲ್ಲಿ ಹೀಗೇಕಾಗುತ್ತದೆ?

“ಈ ದುಡ್ಡೆಲ್ಲ ನಿಮ್ಮದೇಯೇನಮ್ಮಾ?” ಎಂದು ಕೇಳಿದೆ.

“ಅಯ್ಯೋ ಇಲ್ಲ ಸಾರ್. ಫೋನು ನಂದು ಅಷ್ಟೆ. ನಾವು ಮೂರು ಜನ ಬಡಿಸ್ತೀವಿ, ಒಬ್ಬ ಹುಡುಗ ಮೇಜು ಒರೆಸ್ತಾನೆ. ರಾತ್ರಿ ಲೆಕ್ಕ ಮಾಡಿ ನಾಲ್ಕು ಪಾಲು ಮಾಡ್ತೀನಿ. ಬರೆದಿಟ್ಟಿದೀನಿ.”

ಚೀಲದಿಂದ ತೆಗೆದರು: ಮಗಳ ಹಳೆಯ 200 ಪುಟದ ನೋಟುಬುಕ್ಕು. ಹಿಂದಿನ ಪುಟಗಳಿಂದ ಆರಂಭಿಸಿ, ಒಂದೊಂದು ರಾತ್ರಿಗೆ ಒಂದೊಂದು ಸಾಲು. ತಾರೀಕು, ಒಟ್ಟು ಹಣ, ನಾಲ್ಕು ಪಾಲು, ಮೂರು ಹೆಸರಿನ ಮುಂದೆ ಸಹಿ, ಒಂದರ ಮುಂದೆ ಹೆಬ್ಬೆಟ್ಟು. ಅಂಕಿಗಳು ಅಂಕುಡೊಂಕು, ಕೂಡಿದ್ದು ತಪ್ಪಿರಲಿಲ್ಲ. ನಾನು ಮೂರು ತಿಂಗಳ ಸಾಲುಗಳನ್ನು ಬ್ಯಾಂಕಿನ ಪುಸ್ತಕದೊಡನೆ ತಾಳೆ ನೋಡಿದೆ. ಒಂದು ರಾತ್ರಿ ಮಾತ್ರ ಹತ್ತು ರೂಪಾಯಿ ವ್ಯತ್ಯಾಸವಿತ್ತು. ಅದರ ಪಕ್ಕದಲ್ಲಿ ‘ನಾಳೆ ಕೊಡಬೇಕು’ ಎಂದೂ, ಮರುದಿನದ ಸಾಲಿನಲ್ಲಿ ‘ಕೊಟ್ಟೆ’ ಎಂದೂ ಇತ್ತು. ಖಾತೆಗೆ ಬಂದ ಟಿಪ್ಸಿನಲ್ಲಿ ಮುಕ್ಕಾಲು ಪಾಲು ಅವರದ್ದಾಗಿರಲೇ ಇಲ್ಲ.

ಅಂದೇ ಕುಳಿತು ಮನವಿ ಬರೆದೆ. ಖಾತೆಗೆ ಬಂದದ್ದೆಲ್ಲ ವರಮಾನವಲ್ಲ. ಕೈಯಲ್ಲಿ ಉಳಿದದ್ದು ವರಮಾನ. ಒಂದು ಹಬ್ಬದ ತಿಂಗಳಿನಿಂದ ವರ್ಷವನ್ನು ಅಳೆಯಬಾರದು; ಹನ್ನೆರಡು ತಿಂಗಳ ಸರಾಸರಿ ನೋಡಬೇಕು. ನೋಟುಬುಕ್ಕಿನ ಪ್ರತಿಗಳನ್ನು ಲಗತ್ತಿಸಿದೆ. ಕೊನೆಯಲ್ಲಿ ಸಂಚಾಲಕನೆಂದು ಸಹಿ ಮಾಡುವಾಗ ಪೆನ್ನು ಒಂದು ಕ್ಷಣ ನಿಂತಿತು. 2006ರಲ್ಲಿ ನನ್ನ ಅರ್ಜಿಯಲ್ಲಿ ಬರೆಯದೆ ಉಳಿದ ಹಾರ್ಲಿಕ್ಸ್ ಸೀಸೆಯೊಂದು ನನ್ನ ಮುಂದೆಯೇ ಮೇಜಿನ ಮೇಲೆ ಇದ್ದಂತೆ ಭಾಸವಾಯಿತು. ಆ ಸಾಲವನ್ನು ಗುಮಾಸ್ತೆಗೆ ಮರಳಿ ಕೊಡಲಾರೆ. ಕೊಡಬೇಕಾದದ್ದು ಇಲ್ಲಿಯೇ ಎಂದುಕೊಂಡು ಸಹಿ ಮಾಡಿದೆ.

ಮನವಿ ಈಗ ಕಚೇರಿಯಲ್ಲಿದೆ. ತೀರ್ಮಾನ ಬಂದಿಲ್ಲ. ಬರುವವರೆಗೆ ಹುಡುಗಿಯ ಫೀಸಿನ ಕಂತನ್ನು ನಾವು ಕೆಲವು ಅಧ್ಯಾಪಕರು ಕೂಡಿ ಕಟ್ಟಿದ್ದೇವೆ. ಇದನ್ನು ದೊಡ್ಡ ಮಾತೆಂದು ಹೇಳುತ್ತಿಲ್ಲ. ಅಧ್ಯಾಪಕರ ಜೇಬು ಎಷ್ಟು ಕಂತುಗಳನ್ನು ಕಟ್ಟೀತು? ಒಂದು ರೂಪಾಯಿ ಹೆಚ್ಚಾದರೆ ಒಂದು ರೂಪಾಯಿಯನ್ನಷ್ಟೇ ಕಳೆಯುವ ನಿಯಮವನ್ನು ಮಾಡಬೇಕಾದವರು ನಿಯಮ ಮಾಡುವವರೇ.

ಊರಿನಲ್ಲಿರುವ ತಂದೆಯವರಿಗೆ ಈಗ ಎಪ್ಪತ್ತು. ಕಳೆದ ವಾರ ಫೋನಿನಲ್ಲಿ ಈ ಕಥೆಯನ್ನೆಲ್ಲ ಹೇಳಿದೆ. ಇಂಗ್ಲೆಂಡಿನ ಶಾಸನ, ಸುಪ್ರೀಂ ಕೋರ್ಟಿನ ತೀರ್ಪು, ಮಹಾಲೇಖಪಾಲರ ವರದಿ, ಎಲ್ಲವನ್ನೂ ‘ಹೂಂ’ಗುಟ್ಟುತ್ತ ಕೇಳಿದರು. ಯಾವುದಕ್ಕೂ ಬೆರಗಾದಂತೆ ಕಾಣಲಿಲ್ಲ. ನೋಟುಬುಕ್ಕಿನ ಮಾತು ಬಂದಾಗ ಮಾತ್ರ ತಡೆದು ಕೇಳಿದರು.

“ಮೇಜು ಒರೆಸುವ ಹುಡುಗನ ಪಾಲು ಬರೆದಿದ್ದಾಳಾ?”

“ಬರೆದಿದ್ದಾರೆ. ಪ್ರತಿ ರಾತ್ರಿಯೂ ಮೊದಲ ಪಾಲು ಅವನದ್ದೇ.”

“ಹಾಗಾದರೆ ಲೆಕ್ಕ ಸರಿಯಾಗಿದೆ ಮಗಾ,” ಎಂದರು.